ಹದಿನಾಲ್ಕು ಇಂಚಿನೊಳಗೆ

9 ಜೂನ್ 2025, ಸೋಮವಾರ

ಪ್ರಬಂಧ ಸಂಕಲನದ ಮರುಮುದ್ರಣದ ಕರಡು ಬಂತು. ಹಳೆಯ ಪುಸ್ತಕದ ಸ್ಕ್ಯಾನ್ ಒಂದು ಪಿಡಿಎಫ್. ‘ನುಡಿ’ ತಂತ್ರಾಂಶದಿಂದ ಯೂನಿಕೋಡಿಗೆ ಬದಲಾಯಿಸಿದ ಪಠ್ಯ ಒಂದು ವರ್ಡ್ ಫೈಲು. ಸಾಲುಸಾಲು ತಾಳೆ ನೋಡಬೇಕು. ಬದಲಾಯಿಸುವಾಗ ಅರ್ಕಾವತ್ತುಗಳು ಜಾಗ ಬಿಟ್ಟು ಪಕ್ಕದ ಅಕ್ಷರಕ್ಕೆ ಅಂಟಿವೆ, ಕೆಲವು ಒತ್ತಕ್ಷರ ಕಳಚಿ ನಿಂತಿವೆ.

ಪರದೆಯ ಮೇಲೆ ಇವೆರಡೇ ಇದ್ದರೆ ಚೆನ್ನಿತ್ತು. ನಿಘಂಟು, ಪ್ರಕಾಶಕರ ಮೇಲ್, ವಾಟ್ಸಾಪ್, ಅರ್ಧಕ್ಕೆ ನಿಂತ ಅನುವಾದದ ಮೂಲ ಮತ್ತು ನನ್ನ ಪ್ರತಿ, ಕರೆಂಟ್ ಬಿಲ್ಲಿನ ಪುಟ, ಎಲ್ಲ ಒಂದರ ಮೇಲೊಂದು. ಆಲ್ಟ್-ಟ್ಯಾಬ್ ಒತ್ತಿದರೆ ಬೇಕಾದ್ದೊಂದು ಬಿಟ್ಟು ಉಳಿದದ್ದೆಲ್ಲ ಎದುರಿಗೆ. ಸ್ಕ್ಯಾನ್ ಸಿಗುವಷ್ಟರಲ್ಲಿ ಯಾವ ಪದ ನೋಡಲು ಹೊರಟಿದ್ದೆನೋ ತಲೆಯಿಂದ ಹೋಗಿರುತ್ತದೆ. ಮಗಳು ಇನ್ನೊಂದು ಮಾನಿಟರ್ ಕೊಳ್ಳು ಎನ್ನುತ್ತಾಳೆ. ಇಡಲು ಮೇಜಿನಲ್ಲಿ ಜಾಗವೆಲ್ಲಿ?

11 ಜೂನ್, ಬುಧವಾರ

ರಾತ್ರಿ ಒಂದು ಹಳೆಯ ಸಂಶೋಧನಾ ಲೇಖನ ಓದಿದೆ. ಕ್ಯಾಲಿಫೋರ್ನಿಯದ ಝೆರಾಕ್ಸ್ ಪಾರ್ಕ್‌ನಲ್ಲಿದ್ದ ಆಸ್ಟಿನ್ ಹೆಂಡರ್ಸನ್ ಮತ್ತು ಸ್ಟುವರ್ಟ್ ಕಾರ್ಡ್ 1986ರಲ್ಲಿ ಬರೆದದ್ದು. ಅವರು ಕಟ್ಟಿದ ವ್ಯವಸ್ಥೆಯ ಹೆಸರು ‘ರೂಮ್ಸ್’.

ಸೋಮವಾರದ ನನ್ನ ಪಾಡನ್ನು ಅವರು ಆಗಲೇ ಗುರುತಿಸಿದ್ದಾರೆ. ಕಂಪ್ಯೂಟರಿನ ಮೆಮೊರಿ ಸಾಲದಾದಾಗ ಅದು ಲೆಕ್ಕ ಮಾಡುವುದು ಬಿಟ್ಟು, ಪುಟಗಳನ್ನು ಒಳಗೆ ತರುವುದು ಹೊರಗೆ ಹಾಕುವುದರಲ್ಲೇ ಹೊತ್ತು ಕಳೆಯುತ್ತದೆ. ಕೆಲಸಕ್ಕೆ ಆ ಹೊತ್ತಿನಲ್ಲಿ ಬೇಕಾಗುವ ಪುಟಗಳು ಒಂದು ಸಣ್ಣ ಗುಂಪು, ಅದನ್ನು ಒಟ್ಟಿಗೆ ಉಳಿಸಿಕೊಳ್ಳಬೇಕು ಎಂದು ಪೀಟರ್ ಡೆನ್ನಿಂಗ್ 1968ರಲ್ಲೇ ಹೇಳಿದ್ದರು. ಇವರಿಬ್ಬರು ಅದೇ ವಿಚಾರವನ್ನು ಪರದೆಗೆ ತಂದರು. ಒಂದು ಕೆಲಸಕ್ಕೆ ಬೇಕಾದ ವಿಂಡೋಗಳೆಲ್ಲ ಒಂದು ಕೋಣೆಯಲ್ಲಿ. ಕೆಲಸ ಬದಲಾದರೆ ಬಾಗಿಲು ದಾಟಿ ಇನ್ನೊಂದಕ್ಕೆ.

ಇಷ್ಟು ದಿನ ನಾನು ವರ್ಡ್ ಎಲ್ಲ ಒಂದು ಕಡೆ, ಬ್ರೌಸರ್ ಎಲ್ಲ ಒಂದು ಕಡೆ ಎಂದು ಜಾತಿ ನೋಡಿ ಜೋಡಿಸುತ್ತಿದ್ದೆ. ನೋಡಬೇಕಾದ್ದು ಯಾವುದಕ್ಕೆ ಯಾವುದು ಜೊತೆ ಎಂದು.

14 ಜೂನ್, ಶನಿವಾರ

ವಿಂಡೋಸ್ ಕೀ, ಕಂಟ್ರೋಲ್, ಡಿ ಒಟ್ಟಿಗೆ ಒತ್ತಿದರೆ ಹೊಸ ಡೆಸ್ಕ್‌ಟಾಪ್, ಅಂದರೆ ಹೊಸ ಕೋಣೆ. ಡಿ ಬದಲು ಎಡ-ಬಲದ ಬಾಣ ಒತ್ತಿದರೆ ಅತ್ತಿತ್ತ ಓಡಾಟ. ಹೆಸರನ್ನೂ ಇಡಬಹುದು. ‘ಕರಡು’, ‘ಅನುವಾದ’, ‘ಪತ್ರ’, ‘ಮನೆ’ ಎಂದು ನಾಲ್ಕು ಮಾಡಿದೆ.

ಕರಡಿನಲ್ಲಿ ಎಡಕ್ಕೆ ಸ್ಕ್ಯಾನ್, ಬಲಕ್ಕೆ ಪಠ್ಯ. ಎಲ್ಲರೂ ಹೇಳುವ ಜೋಡಣೆ, ನನಗೆ ಒಗ್ಗಲಿಲ್ಲ. ಅರ್ಧ ಪರದೆಯಲ್ಲಿ ಪೂರ್ತಿ ಸಾಲು ಹಿಡಿಸಿದರೆ ಅಕ್ಷರ ಸಣ್ಣದಾಗಿ ‘ತ್ತ’ವೋ ‘ತ್ರ’ವೋ ತಿಳಿಯದು, ದೊಡ್ಡದು ಮಾಡಿದರೆ ಸಾಲಿನ ಬಾಲ ಕತ್ತರಿಸುತ್ತದೆ. ವಿಂಡೋಸ್ ಕೀ, ಆಲ್ಟ್, ಮೇಲಿನ ಬಾಣ ಒತ್ತಿ ಸ್ಕ್ಯಾನನ್ನು ಮೇಲರ್ಧಕ್ಕೆ ಕಳಿಸಿದೆ, ಪಠ್ಯವನ್ನು ಕೆಳಕ್ಕೆ. ಐದಾರು ಸಾಲೇ ಕಾಣುವುದು. ಸಾಕು, ಓದುವುದು ಒಂದೊಂದೇ ಸಾಲನ್ನಲ್ಲವೇ. ಮೊದಲು ಪ್ರೆಸ್ಸಿನಲ್ಲಿ ಒಬ್ಬರು ಮೂಲವನ್ನು ಗಟ್ಟಿಯಾಗಿ ಓದುತ್ತಿದ್ದರು, ಇನ್ನೊಬ್ಬರು ಕರಡು ತಿದ್ದುತ್ತಿದ್ದರು. ಈಗ ಎರಡೂ ನನ್ನ ಕಣ್ಣಿನ ಪಾಲು. ದೃಷ್ಟಿ ನೇರ ಕೆಳಗಿಳಿದರೆ ಅದೇ ಪದ ಸಿಗಬೇಕು.

1985ರ ಮೊದಲ ವಿಂಡೋಸ್‌ನಲ್ಲಿ ಕೆಲಸದ ವಿಂಡೋಗಳು ಒಂದರ ಮೇಲೊಂದು ಬೀಳುತ್ತಲೇ ಇರಲಿಲ್ಲವಂತೆ. ಆ ಸೌಲಭ್ಯ ಬಂದದ್ದು 1987ರ ಎರಡನೆಯ ಆವೃತ್ತಿಯಲ್ಲಿ. ಅಂದು ಕೊರತೆ ಎನಿಸಿದ್ದನ್ನು ಇಂದು ನಾನು ಹಟ ಹಿಡಿದು ಮಾಡಿಕೊಳ್ಳುತ್ತಿದ್ದೇನೆ.

19 ಜೂನ್, ಗುರುವಾರ

ನಿಘಂಟು ಕರಡಿಗೂ ಬೇಕು, ಅನುವಾದಕ್ಕೂ ಬೇಕು. ತೆರೆದ ವಿಂಡೋಗಳನ್ನೆಲ್ಲ ತೋರಿಸುವ ಟಾಸ್ಕ್ ವ್ಯೂನಲ್ಲಿ ಅದರ ಮೇಲೆ ರೈಟ್ ಕ್ಲಿಕ್ ಮಾಡಿ, ಎಲ್ಲ ಡೆಸ್ಕ್‌ಟಾಪ್‌ಗಳಲ್ಲೂ ಕಾಣುವಂತೆ ಮಾಡಿದೆ. ಆದರೆ ಎಲ್ಲ ಕಡೆಯೂ ಅದೇ ಜಾಗ, ಅದೇ ಅಳತೆ. ‘ರೂಮ್ಸ್’ನಲ್ಲಿ ಒಂದೇ ವಿಂಡೋ ಒಂದೊಂದು ಕೋಣೆಯಲ್ಲಿ ಒಂದೊಂದು ಕಡೆ ಕೂರಬಹುದಿತ್ತು. ಇಷ್ಟು ವರ್ಷಗಳ ಮೇಲೂ ಆ ಅನುಕೂಲ ನನ್ನ ಲ್ಯಾಪ್‌ಟಾಪಿಗೆ ಬಂದಿಲ್ಲ.

ಮತ್ತೊಂದು ತೊಡಕು: ವಾಟ್ಸಾಪನ್ನು ‘ಪತ್ರ’ಕ್ಕೆ ಸಾಗಹಾಕಿದರೂ ಅದರ ಸೂಚನೆ ‘ಕರಡು’ ಡೆಸ್ಕ್‌ಟಾಪಿನ ಮೂಲೆಯಲ್ಲೇ ಇಣುಕುತ್ತದೆ. ಗೋಡೆ ವಿಂಡೋಗಳಿಗೆ ಮಾತ್ರ, ಗದ್ದಲಕ್ಕಲ್ಲ. ಬೆಳಿಗ್ಗೆ ಸೂಚನೆಗಳನ್ನೇ ಬಂದ್ ಮಾಡುವುದೆಂದು ಗೊತ್ತುಮಾಡಿದೆ. ಪ್ರಕಾಶಕರಿಗೆ ಅವಸರವಿದ್ದರೆ ಫೋನ್ ಮಾಡುತ್ತಾರೆ.

27 ಜೂನ್, ಶುಕ್ರವಾರ

ಮೊದಲ ಭಾಗ ಕಳಿಸಿದೆ. ನಾಲ್ಕು ಡೆಸ್ಕ್‌ಟಾಪ್ ಈಗ ಎರಡಾಗಿವೆ: ಕೈಯಲ್ಲಿರುವ ಕೆಲಸ ಒಂದು, ಉಳಿದದ್ದೆಲ್ಲ ಇನ್ನೊಂದು. ನಾಲ್ಕಿದ್ದಾಗ ಯಾವುದು ಎಲ್ಲಿದೆ ಎಂದು ನೆನಪಿಡುವುದೇ ಹೊಸ ಕೆಲಸವಾಗಿತ್ತು. ಯಂತ್ರ ಮುಚ್ಚಿ ತೆರೆದರೆ ಡೆಸ್ಕ್‌ಟಾಪಿನ ಹೆಸರು ಉಳಿಯುತ್ತದೆ, ಒಳಗಿನ ಜೋಡಣೆ ಉಳಿಯುವುದಿಲ್ಲ. ಬೆಳಿಗ್ಗೆ ಮತ್ತೆ ಜೋಡಿಸಲು ಎರಡು ನಿಮಿಷ. ಅಷ್ಟರಲ್ಲಿ ಇವತ್ತು ಯಾವ ಕೆಲಸ ಎಂಬುದೂ ತೀರ್ಮಾನವಾಗುತ್ತದೆ, ಅದರಿಂದ ಬೇಸರವಿಲ್ಲ.

ಸೋಮವಾರ ಪದಸೂಚಿ ಬರುತ್ತದೆ. ಪುಟಕ್ಕೆ ಎರಡು ಕಾಲಂ, ಗಿಡ್ಡ ಸಾಲು. ಅದಕ್ಕೆ ಮೇಲೆ-ಕೆಳಗೆ ಬೇಡ, ಎಡ-ಬಲವೇ ಸರಿ.