ಲಿಸ್ಬನ್ನಿನ ಹಳೇಪೇಟೆಯಲ್ಲಿ ಒಂದು ಪುಟ್ಟ ಮನೆ

ಲಿಸ್ಬನ್, ಅಲ್ಫಾಮಾ

ಪ್ರೀತಿಯ ಚಿಕ್ಕಪ್ಪ,

ನಮ್ಮ ಪುಟ್ಟಿ ಹಟ ಬಿಡುವ ಲಕ್ಷಣ ಕಾಣುತ್ತಿಲ್ಲ. ಆಫೀಸಿನ ಹತ್ತಿರದ ಹೊಸ ಬಡಾವಣೆಯಲ್ಲಿ ಲಿಫ್ಟು, ಪಾರ್ಕಿಂಗು ಇರುವ ಫ್ಲ್ಯಾಟು ಅವಳಿಗೆ ಬೇಡವಂತೆ. ಕೊಂಡರೆ ಹಳೇಪೇಟೆಯಲ್ಲೇ ಕೊಳ್ಳುತ್ತಾಳಂತೆ. ಸಬ್‌ರಿಜಿಸ್ಟ್ರಾರ್ ಕಚೇರಿಯ ಮುಂದೆ ಕೂತು ಆಯುಷ್ಯವಿಡೀ ಕ್ರಯಪತ್ರ ಬರೆದ ನೀವು ಫೋನಿನಲ್ಲಿ ಕೇಳಿದ್ದು ಎರಡೇ ಮಾತು: ಕಟ್ಟಡ ಗಟ್ಟಿಯಿದೆಯಾ, ಕಾಗದಪತ್ರ ಸರಿಯಿದೆಯಾ? ಎರಡಕ್ಕೂ ಫೋನಿನಲ್ಲಿ ಉತ್ತರ ಹೇಳಿ ಮುಗಿಸುವ ಹಾಗಿಲ್ಲ, ಅದಕ್ಕೇ ಈ ಪತ್ರ.

ಮೊದಲು ಕಟ್ಟಡದ ವಿಚಾರ. ಈ ಊರಿನ ಮನೆಗಳ ವಯಸ್ಸನ್ನೆಲ್ಲ ಒಂದು ದಿನದಿಂದ ಹಿಂದೆ ಮುಂದೆ ಎಣಿಸುತ್ತಾರೆ: 1755ರ ನವೆಂಬರ್ 1. ಅಂದು ಸಕಲ ಸಂತರ ಹಬ್ಬ. ಜನ ಚರ್ಚುಗಳಲ್ಲಿದ್ದ ಹೊತ್ತಿಗೆ ಭೂಮಿ ಅದುರಿತು, ನದಿಯ ಕಡೆಯಿಂದ ಸುನಾಮಿ ನುಗ್ಗಿತು, ಆಮೇಲೆ ದಿನಗಟ್ಟಲೆ ಬೆಂಕಿ ಉರಿಯಿತು. ತಗ್ಗಿನಲ್ಲಿದ್ದ ಬೈಶಾ ನೆಲಸಮವಾಯಿತು. ಕೋಟೆಗುಡ್ಡದ ಬಂಡೆಗೆ ಅಂಟಿಕೊಂಡಿದ್ದ ಅಲ್ಫಾಮಾ ಬಹುಮಟ್ಟಿಗೆ ಉಳಿದುಕೊಂಡಿತು. ಅಲ್ಫಾಮಾದ ಓಣಿಗಳು ಈಗಲೂ ಅರಬರ ಆಳ್ವಿಕೆಯ ಕಾಲದಂತೆ ಅಂಕುಡೊಂಕಾಗಿರುವುದಕ್ಕೂ ಬೈಶಾದ ಬೀದಿಗಳು ಗೆರೆ ಎಳೆದ ಹಾಗಿರುವುದಕ್ಕೂ ಇದೇ ಕಾರಣ.

ಬೈಶಾವನ್ನು ಮತ್ತೆ ಕಟ್ಟಿಸಿದ್ದು ಮಂತ್ರಿ ಪೊಂಬಾಲ್. ನಕ್ಷೆ ಹಾಕಿದವರು ಮಾನುಯೆಲ್ ದ ಮಾಯಾ, ಯುಜೆನಿಯೊ ದೊಸ್ ಸಾಂತೊಸ್, ಕಾರ್ಲೊಸ್ ಮಾರ್ದೆಲ್. ಗೋಡೆಯೊಳಗೆ ಮರದ ತೊಲೆಗಳನ್ನು ಗುಣಾಕಾರ ಚಿಹ್ನೆಯಂತೆ ಅಡ್ಡಡ್ಡ ಜೋಡಿಸಿ, ನಡುವಿನ ಸಂದಿಗೆ ಕಲ್ಲುಗಾರೆ ತುಂಬಿದರು. ಇದಕ್ಕೆ ಗಾಯೋಲಾ, ಅಂದರೆ ಪಂಜರ, ಎಂದು ಹೆಸರು. ಭೂಮಿ ನಡುಗಿದಾಗ ಗಾರೆ ಉದುರಿದರೂ ಪಂಜರ ಬಾಗಿ ನಿಲ್ಲಬೇಕು, ಅದು ಲೆಕ್ಕಾಚಾರ. ಮಾದರಿಯೊಂದನ್ನು ನಿಲ್ಲಿಸಿ ಸುತ್ತ ಸೈನಿಕರಿಂದ ಕವಾಯತು ಮಾಡಿಸಿ ಪರೀಕ್ಷಿಸಿದರೆಂಬ ಕತೆ ಇಲ್ಲಿ ಎಲ್ಲರ ಬಾಯಲ್ಲೂ ಇದೆ. ನೂರು ವರ್ಷ ಕಳೆಯುವಷ್ಟರಲ್ಲಿ ಭಯ ಮರೆತುಹೋಯಿತು. ಹತ್ತೊಂಬತ್ತನೇ ಶತಮಾನದ ಕೊನೆಗೆ ಬಾಡಿಗೆಗೆಂದೇ ಎದ್ದ ಕಟ್ಟಡಗಳಲ್ಲಿ ಮರ ಸಣಕಲಾಯಿತು, ಅಡ್ಡ ತೊಲೆಗಳು ಮಾಯವಾದವು. ಕೆತ್ತನೆಯ ಬಾಲ್ಕನಿ, ಎತ್ತರದ ಛಾವಣಿಯಿಂದಾಗಿ ನೋಡಲು ಇವೇ ಹೆಚ್ಚು ಚೆಂದ. ಮೋಸ ಹೋಗುವುದೂ ಇಲ್ಲೇ.

ಬೈಶಾದಲ್ಲಿ ಪುಟ್ಟಿ ನೋಡಿದ ಒಂದು ಮನೆಯಲ್ಲಿ ಹಾಲಿನ ಗೋಡೆಯ ಗಾರೆ ಕೆರೆದು, ಒಳಗಿನ ತೊಲೆಗಳಿಗೆ ಪಾಲಿಶ್ ಹೊಡೆದು ಪ್ರದರ್ಶನಕ್ಕಿಟ್ಟಿದ್ದರು. ಅವಳು ಅಲ್ಲೇ ಮರುಳಾದಳು. ಕೆಳಗಿಳಿದು ನೋಡಿದರೆ, ನೆಲಮಹಡಿಯ ಅಂಗಡಿಯಲ್ಲಿ ಜಾಗ ಅಗಲ ಮಾಡಲು ನಡುಗೋಡೆ ಕಿತ್ತು ಉಕ್ಕಿನ ತೊಲೆಯೊಂದನ್ನು ಕೊಟ್ಟಿದ್ದಾರೆ. ಮೇಲೆ ಅಲಂಕಾರಕ್ಕೆ ನಿಂತ ಪಂಜರಕ್ಕೆ ಕೆಳಗೆ ಕಾಲೇ ಇಲ್ಲ! ಹಳೇಪೇಟೆಯಲ್ಲಿ ಮನೆ ನೋಡುವವರು ಮೊದಲು ಕೆಳಗಿನ ಅಂಗಡಿ, ಆಮೇಲೆ ಮೇಲಿನ ಸೂರು, ಕೊನೆಗೆ ತಾವು ಕೊಳ್ಳುವ ಮನೆ ನೋಡಬೇಕು. ದಲ್ಲಾಳಿ ತೋರಿಸುವುದು ಇದರ ತಿರುವುಮುರುವು ಕ್ರಮದಲ್ಲಿ.

ಅಲ್ಫಾಮಾದಲ್ಲಿ ನೋಡಿದ ಇನ್ನೊಂದು ಮನೆಯಲ್ಲಿ ದಲ್ಲಾಳಿ ಬಾಗಿಲು ತೆಗೆದವನೇ ಹೋಗಿ ಕಿಟಕಿ ತೆರೆದ. ಎದುರಿಗೆ ಟೇಜು ನದಿ, ಕೆಳಗೆ ಕೆಂಪು ಹೆಂಚು, ಹಗ್ಗದ ಮೇಲೆ ಒಣಗುವ ಬಟ್ಟೆ. ಇಲ್ಲಿ ಮನೆಗಳನ್ನು ಟಿ-0, ಟಿ-1, ಟಿ-2 ಎನ್ನುತ್ತಾರೆ, ಅಂಕಿ ಮಲಗುವ ಕೋಣೆಗಳ ಲೆಕ್ಕ. ಇದು ಟಿ-1. ಅಡುಗೆಮನೆಯಲ್ಲಿ ಅಂಚು ಸವೆದ ಕಲ್ಲಿನ ತೊಟ್ಟಿ, ಅದರ ಪಕ್ಕದಲ್ಲೇ ಪರದೆ ಇಳಿಬಿಟ್ಟ ಶವರ್. ಈ ಮನೆಗಳನ್ನು ಕಟ್ಟಿದಾಗ ಬಚ್ಚಲೆಂಬುದೇ ಇರಲಿಲ್ಲ. ಆಮೇಲೆ ನಲ್ಲಿ ಎಲ್ಲಿಗೆ ಬಂತೋ ಅಲ್ಲೇ ಸ್ನಾನ. ಕೋಣೆಯ ಗೋಡೆಗೆ ಬೆರಳಿಂದ ಕುಟ್ಟಿದರೆ ಟೊಳ್ಳು ಸದ್ದು: ಮರದ ಪಟ್ಟಿಗೆ ಸುಣ್ಣದ ಗಾರೆ ಬಳಿದದ್ದು. ಪಕ್ಕದ ಮನೆಯ ಕೆಮ್ಮು ಕೂಡ ಕೇಳುತ್ತದೆ. ನೆಲದ ಹಲಗೆಯಲ್ಲಿ ಸೂಜಿತೂತುಗಳಿದ್ದು ಸುತ್ತ ಹೊಸ ಪುಡಿ ಬಿದ್ದಿದ್ದರೆ ಮರ ಕೊರೆಯುವ ಹುಳು ಇನ್ನೂ ಜೀವಂತ ಇದೆ ಎಂದರ್ಥ. ಹಾಸಿಗೆಯ ಹಿಂದಿನ ಗೋಡೆ ಮಾತ್ರ ಹೊಸ ಸುಣ್ಣ ಕಂಡಿದ್ದರೆ ಅಲ್ಲಿ ಬೂಷ್ಟು ಹಿಡಿದಿತ್ತು ಅಂತಲೇ ತಿಳಿಯಬೇಕು. ಇಲ್ಲಿಯ ಚಳಿಗಾಲವೆಂದರೆ ಮಳೆಗಾಲ.

ಹೊರಗೋಡೆಯ ನೀಲಿ-ಬಿಳಿ ಹಂಚುಬಿಲ್ಲೆಗಳಿಗೂ ಅವಳು ಮನಸೋತಿದ್ದಾಳೆ. ಅವು ಅವಳ ಸ್ವತ್ತಾಗುವುದಿಲ್ಲ. ಮುಂಗೋಡೆ, ಸೂರು, ಮೆಟ್ಟಿಲು ಕಟ್ಟಡದ ಎಲ್ಲ ಮಾಲೀಕರದ್ದು. ಬಿಲ್ಲೆಗಳನ್ನು ಕಿತ್ತು ಹಾಕದಂತೆ 2017ರಿಂದ ದೇಶಕ್ಕೆಲ್ಲ ಕಾನೂನಿದೆ. ಪ್ರತಿ ಮನೆಯ ಪಾಲನ್ನು ಸಾವಿರಕ್ಕೆ ಇಷ್ಟೆಂದು ಬರೆದಿರುತ್ತಾರೆ. ಪಾಲು 45 ಇದ್ದು, ಸೂರಿನ ರಿಪೇರಿಗೆ 60,000 ಯೂರೋ ಬಿದ್ದರೆ ಅವಳ ತಲೆಗೆ 2,700. ಹಿಂದಿನ ಸಭೆಗಳ ನಡಾವಳಿ ಪುಸ್ತಕ ಕೇಳಿ ಓದಬೇಕು. ಬಾಕಿ ಎಷ್ಟಿದೆ, ಏನೇನು ಶುಲ್ಕ ಕಟ್ಟಬೇಕಿದೆ ಎಂಬ ಪತ್ರವನ್ನು ಮಾರುವವರು ಮಾಲೀಕರ ಸಂಘದಿಂದ ತಂದುಕೊಡಬೇಕೆಂದು 2022ರಿಂದ ನಿಯಮವಿದೆ.

ಇನ್ನು ನಿಮ್ಮ ವಿಷಯ, ಕಾಗದಪತ್ರ. ಕಂದಾಯ ಇಲಾಖೆಯದ್ದೊಂದು, ನೋಂದಣಿ ಕಚೇರಿಯದ್ದೊಂದು. ನಮ್ಮ ಖಾತೆ, ಇಸಿ ಇದ್ದ ಹಾಗೆ. ಎರಡರಲ್ಲೂ ಅಳತೆ ತಾಳೆಯಾಗಬೇಕು. 1951ಕ್ಕಿಂತ ಮೊದಲು ಕಟ್ಟಿದ್ದಕ್ಕೆ ವಾಸಯೋಗ್ಯ ಪರವಾನಗಿ ಬೇಕಿಲ್ಲ, ಆದರೆ ನಂತರ ಬಾಲ್ಕನಿ ಮುಚ್ಚಿ ಮಾಡಿಕೊಂಡ ಬಚ್ಚಲು ನಕ್ಷೆಯಲ್ಲಿ ಇರದಿರಬಹುದು. ಮುಂಗಡವಾಗಿ ಸಾಮಾನ್ಯವಾಗಿ ಶೇ. 10 ಕೊಟ್ಟು ಕರಾರು ಮಾಡಿಕೊಳ್ಳುತ್ತಾರೆ. ಕೊಳ್ಳುವವರು ಹಿಂದೆ ಸರಿದರೆ ಆ ಹಣ ಹೋಯಿತು. ಮಾರುವವರು ಸರಿದರೆ ಎರಡರಷ್ಟು ಕಕ್ಕಬೇಕು. ಈ ಕಾನೂನು ನಿಮಗೆ ಹಿಡಿಸುತ್ತದೆ! ಎರಡು ವರ್ಷಕ್ಕಿಂತ ಹೆಚ್ಚು ಬಾಡಿಗೆಗಿದ್ದವರಿಗೂ, ಸಂರಕ್ಷಿತ ಪ್ರದೇಶಗಳಲ್ಲಿ ನಗರಸಭೆಗೂ ಅದೇ ಬೆಲೆಗೆ ಕೊಳ್ಳುವ ಮೊದಲ ಹಕ್ಕಿದೆ.

ಬೆಲೆ ಕೇಳಿ ಗಾಬರಿಯಾಗಬೇಡಿ. ಊರಿನ ಸಾಧಾರಣ ದರವೇ ಚದರ ಮೀಟರಿಗೆ 4,000 ಯೂರೋ ದಾಟಿದೆ. 2025ರಲ್ಲಿ ದೇಶದ ಕನಿಷ್ಠ ಸಂಬಳ ತಿಂಗಳಿಗೆ 870 ಯೂರೋ ಇತ್ತು. ಬೆಲೆ ಹೀಗೇರಲು ಕಾರಣವಾದ ಎರಡು ಕೆಲಸ 2012ರಲ್ಲಿ ಒಟ್ಟಿಗೇ ಆದವು: ಹಳೆಯ ಬಾಡಿಗೆಗಳ ಮೇಲಿನ ಹಿಡಿತ ಸಡಿಲಿಸಿದರು, ಐದು ಲಕ್ಷ ಯೂರೋದ ಆಸ್ತಿ ಕೊಂಡ ವಿದೇಶಿಯರಿಗೆ ವಾಸದ ಪರವಾನಗಿ ಕೊಡತೊಡಗಿದರು. ಜೊತೆಗೆ ಪ್ರವಾಸಿಗರಿಗೆ ದಿನಬಾಡಿಗೆಯ ದಂಧೆ. ಪರವಾನಗಿಯ ಬಾಗಿಲು ಆಸ್ತಿ ಕೊಳ್ಳುವವರಿಗೆ 2023ರಲ್ಲಿ ಮುಚ್ಚಿತು, ಬೆಲೆ ಇಳಿಯಲಿಲ್ಲ. ಅಗ್ಗಕ್ಕೆ ಸಿಗುವ ಮನೆಯಲ್ಲಿ ಎಷ್ಟೋ ಸಲ 1990ಕ್ಕೂ ಹಿಂದಿನ ಕರಾರಿನ ಹಿರಿಯರೊಬ್ಬರು ವಾಸವಿರುತ್ತಾರೆ. ಅವರಿಗೆ ಕಾನೂನಿನ ರಕ್ಷಣೆಯಿದೆ, ಇರಲೂಬೇಕು. ಅಂಥ ಮನೆಯ ಆಸೆಯನ್ನು ಪುಟ್ಟಿ ತಾನಾಗಿ ಕೈಬಿಟ್ಟಿದ್ದಾಳೆ. ಬಾಡಿಗೆಗೆ ಬಿಟ್ಟು ದುಡ್ಡು ಮಾಡುವ ಯೋಚನೆಯೂ ಅವಳಿಗಿಲ್ಲ.

ಸದ್ಯಕ್ಕೆ ಅವಳ ಕಣ್ಣು ಹಳೇಪೇಟೆಯದೇ ಇನ್ನೊಂದು ಭಾಗವಾದ ಮೊರಾರಿಯಾದ ಎರಡನೇ ಮಹಡಿಯ ಟಿ-1 ಮೇಲಿದೆ. ನದಿ ಕಾಣುವುದಿಲ್ಲ, ಲಿಫ್ಟಿಲ್ಲ, ಕೆಳಗೆ ಬೀಗ ರಿಪೇರಿ ಅಂಗಡಿ. ಆ ಅಂಗಡಿಯ ಗೋಡೆಗಳನ್ನು ಮಾತ್ರ ಯಾರೂ ಮುಟ್ಟಿಲ್ಲ. ಇದ್ದುದರಲ್ಲಿ ಅದೇ ಮೇಲು. ದಲ್ಲಾಳಿ ಈ ವಾರವೇ ಮುಂಗಡ ಕೊಡಿ ಎಂದು ಅವಸರಿಸುತ್ತಿದ್ದಾನೆ. ಮರ, ಸೂರು ನೋಡಲು ಎಂಜಿನಿಯರ್ ಬರುವುದು ಮುಂದಿನ ವಾರ. ವರದಿ ಕೈಗೆ ಬರುವವರೆಗೆ ಸಹಿ ಹಾಕಬೇಡ ಎಂದು ನೀವೇ ಒಂದು ಫೋನ್ ಮಾಡಿ ಹೇಳಿ ಚಿಕ್ಕಪ್ಪ. ನಿಮ್ಮ ಮಾತಾದರೆ ಕೇಳುತ್ತಾಳೆ.

ಇಂತಿ ನಿಮ್ಮ ಪ್ರೀತಿಯ,
ಅಣ್ಣನ ಮಗ