ಮೂರನೆಯ ಸ್ವಿಚ್ಚು

ಸ್ವಿಚ್ಚೆಂದರೆ ಒತ್ತಿದರೆ ದೀಪ ಹತ್ತುವುದು ಎಂದೇ ತಿಳಿದಿದ್ದ ನನಗೆ, ಸಾಲು ತೂತುಗಳ ಒಂದು ಕಬ್ಬಿಣದ ಪೆಟ್ಟಿಗೆಗೂ ಅದೇ ಹೆಸರೆಂದು ಹೇಳಿಕೊಟ್ಟವಳು ನನ್ನ ಸೊಸೆ. ಮಗು ಹುಟ್ಟಿದ ಮೇಲೆ ನಾಲ್ಕು ವರ್ಷ ಕೆಲಸ ಬಿಟ್ಟಿದ್ದವಳು ಈಗ ಸಿಸ್ಕೊ ಕಂಪನಿಯ ಸಿ.ಸಿ.ಎನ್.ಎ. ಪರೀಕ್ಷೆಗೆ ಓದುತ್ತಿದ್ದಾಳೆ. ಕಂಪ್ಯೂಟರುಗಳನ್ನು ಜೋಡಿಸಿ ಒಂದರೊಡನೊಂದು ಮಾತಾಡಿಸುವ ವಿದ್ಯೆ ಅದು.

"ಪ್ಯಾಕೆಟ್ ಟ್ರೇಸರ್ ಪುಕ್ಕಟೆ ಸಿಗುತ್ತದಲ್ಲ, ಪೆಟ್ಟಿಗೆ ಯಾಕೆ?" ಎಂದ ಮಗ. ಮಾತು ಸುಳ್ಳಲ್ಲ. ಸಿಸ್ಕೊದವರೇ ಕೊಡುವ ಆ ತಂತ್ರಾಂಶದಲ್ಲಿ ರೂಟರು, ಸ್ವಿಚ್ಚುಗಳನ್ನು ತೆರೆಯ ಮೇಲೆಯೇ ಇಟ್ಟು ಬಹುಪಾಲು ಪಾಠ ಅಭ್ಯಾಸ ಮಾಡಬಹುದು. ಆದರೆ ಬೀಗ ಹಾಕಿದ ಬೀರುವಿನೊಳಗಿನ ಪಿಪೆಟ್ಟನ್ನು ಚಿತ್ರ ನೋಡಿಯೇ ಬರೆದು ಪಾಸಾದ ಮಕ್ಕಳನ್ನು ನಾನು ಕಂಡವಳು. "ನಾಲ್ಕು ವರ್ಷ ಏನು ಮಾಡುತ್ತಿದ್ದಿರಿ?" ಎಂದು ಸಂದರ್ಶನದಲ್ಲಿ ಕೇಳದೆ ಬಿಡುತ್ತಾರೆಯೇ? ಆಗ ಇವಳ ಕೈಗೆ ಅಭ್ಯಾಸವಿರಬೇಕು. ತುಟ್ಟಿಭತ್ಯೆಯ ಹಿಂಬಾಕಿ ಬಂದಿತ್ತು. ಬಳೆ ಮಾಡಿಸುವ ಯೋಚನೆಯಿತ್ತು. ಬಳೆ ಎಲ್ಲಿಗೂ ಓಡಿಹೋಗುವುದಿಲ್ಲ.

ಬೆಂಗಳೂರಿನ ಎಸ್.ಪಿ. ರಸ್ತೆಗೆ ಇಬ್ಬರೂ ಹೋದೆವು. ಬದನೆಕಾಯಿ ಆರಿಸುವಷ್ಟೇ ಜಾಣತನದಿಂದ ಆರಿಸಿದಳು ನಮ್ಮ ಹುಡುಗಿ. 2950 ಸ್ವಿಚ್ಚು ಅಗ್ಗ, ಆದರೆ ತೀರ ಹಳೆಯದು, 2960 ಬೇಕೆಂದಳು. ಅಂಗಡಿಯವನು ಇಪ್ಪತ್ತನಾಲ್ಕು ತೂತಿನದನ್ನು ಹಚ್ಚಿದ. ಅದರ ಫ್ಯಾನು ಮಿಕ್ಸಿಯ ಹಾಗೆ ಕೂಗಿತು. ಇವಳು ಓದುವುದು ಮಗು ಮಲಗಿದ ಮೇಲೆ! ಎಂಟು ತೂತಿನ, ಫ್ಯಾನಿಲ್ಲದ್ದನ್ನೇ ಹುಡುಕಿಸಿದಳು. ರೂಟರು 1941, ಎರಡು. ಸೀರಿಯಲ್ ಕಾರ್ಡು, ದಪ್ಪ ಕೇಬಲ್ಲುಗಳನ್ನೂ ಸೇರಿಸಿ ಕೊಡುತ್ತೇನೆಂದರೆ ಬೇಡವೆಂದಳು. ಅದಕ್ಕೆ ಬೇಕಾದ ಪಿ.ಪಿ.ಪಿ. ಪಾಠ 2020ರ ಫೆಬ್ರವರಿಯಲ್ಲಿ ಬಂದ ಹೊಸ ಪರೀಕ್ಷೆಯಲ್ಲಿ ಇಲ್ಲವಂತೆ. ಯು.ಎಸ್.ಬಿ.ಗೆ ಹೊಂದುವ ಕನ್ಸೋಲ್ ಕೇಬಲ್ಲನ್ನು ಮಾತ್ರ ಮರೆಯಲಿಲ್ಲ; ಅದಿಲ್ಲದಿದ್ದರೆ ಹೊಸ ಲ್ಯಾಪ್‌ಟಾಪಿನಿಂದ ಪೆಟ್ಟಿಗೆಯನ್ನು ಮಾತಾಡಿಸುವುದೇ ಕಷ್ಟ. ಪ್ರತಿಯೊಂದನ್ನೂ ಹಚ್ಚಿಸಿ, ಒಳಗೆ ಐ.ಒ.ಎಸ್. ಇದೆಯೇ ಎಂದು ನೋಡಿದ ಮೇಲೆಯೇ ದುಡ್ಡು.

"ಸ್ವಿಚ್ಚು ಎರಡೇ ಸಾಕು ಅತ್ತೆ," ಎಂದಳು, ನನ್ನ ಪರ್ಸಿನತ್ತ ನೋಡಿ.

"ಮೂರಿದ್ದರೆ ಏನಾಗುತ್ತದೆ?"

ಮೂರನ್ನೂ ತ್ರಿಕೋನವಾಗಿ ಜೋಡಿಸಿದರೆ, ಎಲ್ಲರಿಗೂ ಎಂದು ಹೊರಟ ಸಂದೇಶ ಸುತ್ತುತ್ತಲೇ ಇದ್ದು ಜಾಲ ಉಸಿರುಗಟ್ಟುತ್ತದಂತೆ. ಅದಕ್ಕೇ ಅವು ತಮ್ಮತಮ್ಮಲ್ಲೇ ಮಾತಾಡಿಕೊಂಡು ಒಂದು ಹಾದಿ ಮುಚ್ಚುತ್ತವೆ. ಬೇರೊಂದು ಕಡಿದರೆ ಮುಚ್ಚಿದ್ದನ್ನು ತೆರೆಯುತ್ತವೆ. ಸ್ಪ್ಯಾನಿಂಗ್ ಟ್ರೀ ಎಂಬ ಈ ಉಪಾಯವನ್ನು 1985ರಲ್ಲಿ ರೂಪಿಸಿದವರು ಅಮೆರಿಕದ ರೇಡಿಯಾ ಪರ್ಲ್‌ಮನ್, ಒಬ್ಬ ಹೆಣ್ಣುಮಗಳು. ಅದರ ಮೇಲೆ ಪದ್ಯವನ್ನೂ ಬರೆದರಂತೆ. ಪದ್ಯ ಎಂದ ಮೇಲೆ ಕನ್ನಡ ಪಾಠ ಮಾಡುವ ನಾನು ಸುಮ್ಮನಿರಲಾದೀತೆ? ಮೂರನೆಯದಕ್ಕೂ ದುಡ್ಡೆಣಿಸಿದೆ.

ಈಗ ಊಟದ ಮೇಜಿನ ಅರ್ಧ ಅವುಗಳದ್ದೇ. ಭಾನುವಾರ ಸೊಸೆ ಒಂದು ಕೇಬಲ್ಲು ಕಿತ್ತಾಗ ಮೊಮ್ಮಗಳು ಗಲ್ಲಕ್ಕೆ ಕೈಕೊಟ್ಟು ಕಿತ್ತಳೆ ದೀಪವನ್ನೇ ನೋಡುತ್ತ ಎಣಿಸುತ್ತಾಳೆ. ಮೂವತ್ತರ ಹೊತ್ತಿಗೆ ಅದು ಹಸಿರಾಗುತ್ತದೆ.