ನಮ್ಮನೆಯವರು

ನಿಮ್ಮ ಮಗು ಶಾಲೆಯಿಂದ ಬಂದು, "ನನ್ನ ಫ್ರೆಂಡ್‌ಗೆ ಇಬ್ಬರು ಅಮ್ಮಂದಿರಂತೆ" ಅಂದರೆ ನೀವು ಯಾವ ಭಾಷೆಯಲ್ಲಿ ಉತ್ತರ ಕೊಡುತ್ತೀರಿ? ಊಟ, ಬಟ್ಟೆ, ಹಬ್ಬ, ಅಜ್ಜಿಯ ಫೋನು ಎಲ್ಲಕ್ಕೂ ಕನ್ನಡವನ್ನೇ ಬಳಸುವ ಮನೆಗಳಲ್ಲೂ ಈ ಮಾತು ಬಂದಾಗ ಇಂಗ್ಲಿಷ್ ಶುರುವಾಗುವುದನ್ನು ನಾನು ನೋಡಿದ್ದೇನೆ. ದನಿಯೂ ಒಂದಿಷ್ಟು ತಗ್ಗುತ್ತದೆ. ಆ ಫ್ರೆಂಡ್ ನನ್ನ ಮಗಳೇ ಆಗಿರಬಹುದು, ಅದಕ್ಕೇ ಕೇಳುತ್ತಿದ್ದೇನೆ.

ನಾವಿರುವುದು ಆಕ್ಲೆಂಡಿನ ಮೌಂಟ್ ಆಲ್ಬರ್ಟ್‌ನಲ್ಲಿ. ನಾನು ಹಾಸನದವಳು, ಸಸ್ಯಗಳ ತಳಿವಿಜ್ಞಾನದಲ್ಲಿ ಪಿಎಚ್‌ಡಿ ಮಾಡಿದವಳು. ನನ್ನ ಹೆಂಡತಿ ಡನೀಡನ್ ಕಡೆಯವಳು, ನರ್ಸ್. ಮಗಳಿಗೆ ಐದು ವರ್ಷ. ಹೆತ್ತವಳು ನನ್ನ ಹೆಂಡತಿ. ದಿನವಿಡೀ ಸೇಬಿನ ಜೀನ್‌ಗಳ ಜೊತೆ ಗುದ್ದಾಡುವ ನನ್ನ ಒಂದು ಜೀನೂ ಮಗಳಿಗೆ ಹೋಗಿಲ್ಲ. (ಮನುಷ್ಯರೆಲ್ಲರ ಜೀನ್‌ಗಳೂ ಬಹುಪಾಲು ಒಂದೇ. ಆದರೆ ನೆಂಟರು "ಯಾರ ಹಾಗಿದ್ದಾಳೆ?" ಎಂದು ಕೇಳುವುದು ಆ ಅರ್ಥದಲ್ಲಲ್ಲ.) ಮೂಗು, ಕಣ್ಣು, ಕೂದಲು ಎಲ್ಲವೂ ಅವಳದು. ನನ್ನಿಂದ ಹೋಗಿರುವುದು ಕನ್ನಡ. ಹಾಲು ಚೆಲ್ಲಿದಾಗ ಮಗಳು "ಅಯ್ಯೋ ಶಿವನೇ" ಅನ್ನುವ ರಾಗ ನಮ್ಮಜ್ಜಿಯದು. ಹಾಗಾಗಿ ನಿಮ್ಮಲ್ಲಿ ಹಲವರಿಗೆ ಕನ್ನಡ ಕಲಿಸುವುದು ಸಂಸ್ಕೃತಿಯ ಪ್ರಶ್ನೆಯಾದರೆ, ನನಗೆ ಅದು ತಾಯ್ತನದ್ದೇ ಪ್ರಶ್ನೆ.

ಕಾನೂನಿನ ಮಟ್ಟಿಗೆ ಇಲ್ಲಿ ತಕರಾರಿಲ್ಲ. 1986ರವರೆಗೆ ಗಂಡಸರ ಸಲಿಂಗ ಸಂಬಂಧವನ್ನು ಅಪರಾಧವೆಂದಿದ್ದ ದೇಶ ಇದು. 2013ರ ಏಪ್ರಿಲ್ 17ರಂದು ಇಲ್ಲಿನ ಸಂಸತ್ತು 77–44 ಮತಗಳಿಂದ ಮದುವೆಯ ಕಾನೂನು ಬದಲಿಸಿದಾಗ ಗ್ಯಾಲರಿಯಲ್ಲಿದ್ದವರು ಮಾವೋರಿ ಪ್ರೇಮಗೀತೆ ಹಾಡಿದರು. ನಮಗೆ ಅದಕ್ಕಿಂತ ಮುಖ್ಯವಾದದ್ದು 2004ರ ತಿದ್ದುಪಡಿ. ದಾನಿಯ ನೆರವಿನಿಂದ ಮಗು ಪಡೆದಾಗ, ಒಪ್ಪಿಗೆ ಕೊಟ್ಟ ಸಂಗಾತಿ ಹೆಣ್ಣಾದರೂ ಕಾನೂನು ಅವಳನ್ನು ಪೋಷಕಿಯೆಂದು ಒಪ್ಪುತ್ತದೆ. ಆಗ ಪ್ರಧಾನಿಯಾಗಿದ್ದ ಹೆಲೆನ್ ಕ್ಲಾರ್ಕ್ ನಮ್ಮ ಮೌಂಟ್ ಆಲ್ಬರ್ಟ್ ಕ್ಷೇತ್ರದವರೇ. ಮಗಳ ಜನನ ಪತ್ರದಲ್ಲಿ ನಮ್ಮಿಬ್ಬರ ಹೆಸರೂ ಇದೆ. 18 ತುಂಬಿದ ಮೇಲೆ ದಾನಿ ಯಾರೆಂದು ತಿಳಿಯುವ ಹಕ್ಕೂ ಅವಳಿಗಿದೆ.

ಭಾರತದಲ್ಲಿ ಸುಪ್ರೀಂ ಕೋರ್ಟು 2018ರಲ್ಲಿ 377ನೇ ಕಲಮಿನ ಬಾಧೆ ತಪ್ಪಿಸಿತು. ಆದರೆ 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ನಮ್ಮಂಥವರಿಗೆ ಮದುವೆಯ ಹಕ್ಕಿಲ್ಲ ಎಂದಿತು. ಜೋಡಿಯಾಗಿ ದತ್ತು ಪಡೆಯುವ ವಿಚಾರದಲ್ಲೂ ಐವರಲ್ಲಿ ಮೂವರು ನ್ಯಾಯಮೂರ್ತಿಗಳು ಒಪ್ಪಲಿಲ್ಲ. ಮುಂದಿನ ಡಿಸೆಂಬರಿಗೆ ನಾವು ಮೂವರೂ ಹಾಸನಕ್ಕೆ ಹೋಗುತ್ತೇವೆ. ರಾತ್ರಿ ಮಗುವಿಗೆ ಜ್ವರ ಬಂದು ಆಸ್ಪತ್ರೆಯಲ್ಲಿ "ನೀವು ಮಗುವಿಗೆ ಏನಾಗಬೇಕು?" ಎಂದು ಕೇಳಿದರೆ ಎಂಬ ಯೋಚನೆ ಈಗಲೇ ಶುರುವಾಗಿದೆ. ಕನ್ನಡದಲ್ಲಿ ಉತ್ತರ ಒಂದೇ ಪದದ್ದು. ಅದನ್ನು ಅವರು ನಂಬಬೇಕಷ್ಟೆ.

ನಮ್ಮ ಭಾಷೆಯಲ್ಲಿ ಒಂದು ತಮಾಷೆ ಇದೆ, ಗಮನಿಸಿದ್ದೀರಾ? "ನಮ್ಮನೆಯವರು" ಎಂಬ ಮಾತಿನಲ್ಲಿ ಗಂಡೋ ಹೆಣ್ಣೋ ಗೊತ್ತಾಗುವುದಿಲ್ಲ. "ಅವರು" ಅಂದರಂತೂ ಇಡೀ ಗಂಟೆ ಮಾತಾಡಬಹುದು, ಗುಟ್ಟು ಬಿಡಬೇಕಿಲ್ಲ. ನಮ್ಮಮ್ಮ ನೆಂಟರ ಬಳಿ ವರ್ಷಗಟ್ಟಲೆ ಇದನ್ನೇ ಮಾಡಿದರು. "ಅವಳ ಮನೆಯವರು ಆಸ್ಪತ್ರೇಲಿ ಕೆಲಸದಲ್ಲಿದ್ದಾರೆ, ತುಂಬಾ ಒಳ್ಳೆಯವರು." ಸುಳ್ಳು ಒಂದಕ್ಷರವಿಲ್ಲ. ಕೇಳಿದವರು ಡಾಕ್ಟರ್ ಅಳಿಯ ಎಂದುಕೊಂಡರೆ ಅದು ಅವರ ಲೆಕ್ಕ.

ಅದೇ ಅಮ್ಮ ಬಾಣಂತನಕ್ಕೆ ಬಂದರು. ರೂಢಿಯಂತೆ ಬಾಣಂತನ ಮಾಡಬೇಕಾದವರು ಹೆತ್ತವಳ ತಾಯಿ. ಅವರು ಡನೀಡನ್‌ನಿಂದ ಬಂದು, ಫ್ರೀಜರ್ ತುಂಬ ಲಸಾನ್ಯ ಇಟ್ಟು, ವಾರಕ್ಕೆ ಹೊರಟರು. ಇಲ್ಲಿ ಅದೇ ದೊಡ್ಡ ಪ್ರೀತಿ. ನಮ್ಮಮ್ಮನಿಗೆ ಜೀವ ತಡೆಯಲಿಲ್ಲ. ಆಕ್ಲೆಂಡ್ ವಿಮಾನ ನಿಲ್ದಾಣದಲ್ಲಿ ತಂದ ಒಂದೊಂದು ಪೊಟ್ಟಣವನ್ನೂ ತೆರೆದು ತೋರಿಸಿ, ಉಳಿದಷ್ಟು ಮನೆಗೆ ತಂದು, ಎಣ್ಣೆನೀರು ಹಾಕಿದರು, ಮೆಣಸಿನ ಸಾರು ಮಾಡಿದರು. ಇಲ್ಲಿ ಹೆರಿಗೆಯ ನಂತರ ಮಿಡ್‌ವೈಫ್ ಮನೆಗೇ ಬಂದು ನೋಡುತ್ತಾರೆ. "ನಮ್ಮೂರಲ್ಲೂ ಸೂಲಗಿತ್ತಿ ಹೀಗೇ ಬರ್ತಿದ್ದಳು" ಎಂದು ಅವರ ಜೊತೆ ಅಮ್ಮನಿಗೆ ಗೆಳೆತನವಾಯಿತು. ಭಾಷೆ ಬಾರದ ಇಬ್ಬರು ಒಂದೇ ಕೋಣೆಯಲ್ಲಿ ಆರು ವಾರ ಕಳೆದದ್ದು ನನ್ನ ಯಾವ ವಾದಕ್ಕಿಂತ ಹೆಚ್ಚು ಕೆಲಸ ಮಾಡಿತು. ಹೊರಡುವಾಗ ಅಮ್ಮ ಅವಳ ತಲೆ ಸವರಿ "ಹುಷಾರು ಮಗಳೇ" ಅಂದರು. ಸೊಸೆ ಎಂದು ಇವತ್ತಿಗೂ ಕರೆದಿಲ್ಲ. ನಾನೂ ಕೇಳಿಲ್ಲ.

ಅಮ್ಮನ ಕೈಗೆ ಅದಕ್ಕೂ ಮೊದಲೇ ಒಂದು ಪುಸ್ತಕ ಕೊಟ್ಟಿದ್ದೆ. ವಸುಧೇಂದ್ರರ 'ನಮ್ಮಮ್ಮ ಅಂದ್ರೆ ನಂಗಿಷ್ಟ' ಅವರಿಗೆ ಅಚ್ಚುಮೆಚ್ಚು. ಅದೇ ಲೇಖಕರ 'ಮೋಹನಸ್ವಾಮಿ' ಬಂದದ್ದು 2013ರಲ್ಲಿ, ಇಲ್ಲಿ ಕಾನೂನು ಬದಲಾದ ವರ್ಷವೇ. ಸಲಿಂಗಿ ಹುಡುಗನ ಬದುಕು ಅಚ್ಚ ಕನ್ನಡದಲ್ಲಿ. ಓದಿ ಮುಗಿಸಿ ಒಂದು ವಾರ ಸುಮ್ಮನಿದ್ದರು. ಆಮೇಲೆ ಫೋನಿನಲ್ಲಿ, "ಇಷ್ಟೆಲ್ಲ ನೀನೂ ಒಬ್ಬಳೇ ನುಂಗಿಕೊಂಡಿದ್ಯಾ?" ಅಂದರು. ಇಂಗ್ಲಿಷಿನಲ್ಲಿ ನಾನು ಕಳಿಸಿದ್ದ ಲೇಖನಗಳಿಗೆ ಯಾವತ್ತೂ ಉತ್ತರ ಬಂದಿರಲಿಲ್ಲ.

ಸಂಶೋಧನೆಯ ಮಾತು ಬೇಕೆನ್ನುವವರಿಗೆ: ಕೇಂಬ್ರಿಜ್‌ನ ಸೂಸನ್ ಗೊಲೊಂಬೊಕ್ 1970ರ ದಶಕದಿಂದ ಇಂಥ ಕುಟುಂಬಗಳನ್ನು ಅಧ್ಯಯನ ಮಾಡಿದ್ದಾರೆ. ಅಮೆರಿಕದಲ್ಲಿ ನ್ಯಾನೆಟ್ ಗಾರ್ಟ್ರೆಲ್ 1986ರಲ್ಲಿ ಶುರುಮಾಡಿದ ಅಧ್ಯಯನ ಮಕ್ಕಳು ದೊಡ್ಡವರಾಗುವವರೆಗೂ ನಡೆಯಿತು. ಮಕ್ಕಳು ಬೇರೆ ಮಕ್ಕಳಂತೆಯೇ ಬೆಳೆಯುತ್ತಾರೆ, ನೋವಾಗುವುದು ಹೊರಗಿನವರ ಹೀಯಾಳಿಕೆಯಿಂದ.

ಮಗಳು ನನ್ನನ್ನು ಅಮ್ಮ ಅನ್ನುತ್ತಾಳೆ, ಅವಳನ್ನು ಮಮ್. ಎರಡು ಭಾಷೆಯ ಮನೆಗೆ ಇದೊಂದು ಸಲೀಸು, ಹೆಸರು ಹುಡುಕಬೇಕಾಗಲಿಲ್ಲ. ಕನ್ನಡದ ಮಗುವಿಗಂತೂ ದೊಡ್ಡಮ್ಮ, ಚಿಕ್ಕಮ್ಮ ಎಂದು ಅಮ್ಮಂದಿರು ಹೊಸಬರಲ್ಲ. ಹೋದ ವರ್ಷ ವಿಡಿಯೋ ಕರೆಯಲ್ಲಿ ನನ್ನ ಚಿಕ್ಕಮ್ಮ, "ನಿಮ್ಮಪ್ಪ ಎಲ್ಲಿ ಪುಟ್ಟಿ?" ಎಂದು ಕೇಳಿದರು. "ನಂಗೆ ಅಪ್ಪ ಇಲ್ಲ. ಅಮ್ಮ ಇದಾಳೆ, ಮಮ್ ಇದಾಳೆ. ಮಮ್ ಸ್ನಾನ ಮಾಡ್ತಿದಾಳೆ." ಅಮ್ಮ ಅಷ್ಟು ವರ್ಷ ಜೋಪಾನ ಮಾಡಿದ್ದ "ಅವರು" ಒಂದು "ಅವಳಿ"ನಲ್ಲಿ ಮುಗಿಯಿತು. ಪಕ್ಕದಲ್ಲೇ ಕೂತಿದ್ದ ಅಮ್ಮ ಕನ್ನಡಕ ಒರೆಸಿಕೊಂಡು, "ಹೌದು ಕಣೇ, ಅದಕ್ಕೆ ಇಬ್ಬರು ತಾಯಂದಿರು. ನಿಂಗೆ ಆಮೇಲೆ ಹೇಳ್ತೀನಿ" ಅಂದರು. ಹೇಳಿದರು ಕೂಡ. ಚಿಕ್ಕಮ್ಮ ಎರಡು ತಿಂಗಳು ಫೋನ್ ಮಾಡಲಿಲ್ಲ, ಆಮೇಲೆ ಮಾಡಿದರು.

ನಿಮ್ಮ ಮಗುವಿಗೂ ಇದಕ್ಕಿಂತ ಹೆಚ್ಚಿನ ವಿವರಣೆ ಬೇಡ. "ಸಲಿಂಗಿ" ಎಂಬ ಪತ್ರಿಕೆಯ ಪದ ಐದು ವರ್ಷಕ್ಕೆ ಭಾರ. "ಹೌದು, ಅವಳಿಗೆ ಇಬ್ಬರು ಅಮ್ಮಂದಿರು, ಕೆಲವರ ಮನೇಲಿ ಹಾಗೆ" ಎಂದು, ಅನ್ನ ಕಲಸುತ್ತಾ, ಅದೇ ದನಿಯಲ್ಲಿ, ಕನ್ನಡದಲ್ಲಿ ಹೇಳಿ. ಈ ಮಾತಿಗೆ ಮಾತ್ರ ಇಂಗ್ಲಿಷಿಗೆ ಹೊರಳಿದರೆ, ಕನ್ನಡದಲ್ಲಿ ನನ್ನ ಮಗಳಿಗೆ ಜಾಗವಿಲ್ಲವೆಂದು ನಿಮ್ಮ ಮಗು ಕಲಿಯುತ್ತದೆ. ನಾಳೆ ನಿಮ್ಮ ಮಗುವೇ ತನ್ನ ಬಗ್ಗೆ ಹೇಳಿಕೊಳ್ಳಬೇಕಾಗಿ ಬಂದರೆ ಯಾವ ಭಾಷೆಯಲ್ಲಿ ಹೇಳಬೇಕು?

ಡಿಸೆಂಬರಿನಲ್ಲಿ ಹಾಸನದಲ್ಲಿ ಕಿವಿ ಚುಚ್ಚಿಸಬೇಕೆಂದು ಅಮ್ಮ ನಿಶ್ಚಯಿಸಿದ್ದಾರೆ. ಸೋದರಮಾವನ ತೊಡೆಯ ಮೇಲೆ ಕೂರಿಸಿ ಚುಚ್ಚಿಸುವುದು ನಮ್ಮ ಕಡೆಯ ಪದ್ಧತಿ. ಇಬ್ಬರು ಅಮ್ಮಂದಿರಾದ್ದರಿಂದ ಸೋದರಮಾವಂದಿರೂ ಇಬ್ಬರು: ನನ್ನ ತಮ್ಮ, ಅವಳ ಅಣ್ಣ. ಬಲಗಿವಿ ಒಬ್ಬನ ತೊಡೆಯ ಮೇಲೆ, ಎಡಗಿವಿ ಇನ್ನೊಬ್ಬನದರ ಮೇಲೆ ಎಂದು ಅಮ್ಮನ ತೀರ್ಮಾನ. ಓಲೆ ಸೋದರಮಾವನೇ ತರಬೇಕು ಎಂದಿದ್ದಕ್ಕೆ ಡನೀಡನ್‌ನ ಅಣ್ಣ, ಎಷ್ಟು ಗ್ರಾಂ ಎಂದು ಕೇಳಿ ಮೆಸೇಜ್ ಕಳಿಸಿದ್ದಾನೆ.